ಹಗ್ಗದಕ್ಕನ ಹನ್ನೆರಡು ಮಾರು

ದರ್ಜಿಯಮ್ಮ ಗಂಡನನ್ನು ಕಳೆದುಕೊಂಡ ವರ್ಷವೇ ಆ ಸುದ್ದಿ ಕೇಳಿದ್ದು. ಅಂಗಿಗೆ ಗುಂಡಿ ಹಚ್ಚುತ್ತ ಕೂತಿದ್ದಳು. ಹಾಲಿನವಳು ಬಾಗಿಲಲ್ಲೇ ನಿಂತು ನಕ್ಕಳು: “ಬಾವಿ ನೀರು ಅಳೆಯೋಕೆ ಸಂಬಳ ಕೊಟ್ಟು ಹೆಂಗಸನ್ನ ಇಟ್ಟಿದ್ದಾರಂತೆ! ನಾಳೆ ಗಾಳಿ ತೂಗೋಕೂ ಒಬ್ಬಳು ಬರ್ತಾಳೆ, ನೋಡ್ತಿರು.”

ಬಂದವಳಿಗೆ ಹಿಂದೆ ಮುಂದೆ ಯಾರೂ ಇರಲಿಲ್ಲ. ಮಾರಿಗೊಂದು ಗಂಟು ಹಾಕಿದ ಹಗ್ಗಕ್ಕೆ ಕಲ್ಲು ಕಟ್ಟಿ ದಿನಾ ಬೆಳಗ್ಗೆ ಬಾವಿಗೆ ಇಳಿಬಿಡುವುದು, ನೀರು ಎಷ್ಟನೇ ಗಂಟಿಗೆ ಸಿಕ್ಕಿತೆಂದು ಬರ ನೆರವಿನ ಕಚೇರಿಗೆ ಬರೆದು ಕಳಿಸುವುದು, ಇಷ್ಟೇ ಅವಳ ಕೆಲಸ. ನೀರು ಹನ್ನೆರಡು ಮಾರಿಗೆ ಇಳಿದರೆ, ಬಾವಿ ಬತ್ತುವವರೆಗೆ ಕಾಯದೆ ಟ್ಯಾಂಕರು, ಮೇವು ಬರುತ್ತವೆ. ಜನ ಅವಳನ್ನು ಹಗ್ಗದಕ್ಕ ಎಂದರು.

ಏಳನೇ ವರ್ಷ ಮಳೆ ಕೈಕೊಟ್ಟಿತು. ಅದಕ್ಕೂ ಮೊದಲೇ ದನಗಳಿಗೆ ರೋಗ ಬಂದು ಹೋಗಿತ್ತು. ಕಾಳಿನ ಬೆಲೆ ಮುಟ್ಟಿದರೆ ಸುಡುತ್ತಿತ್ತು. ಕೊಡದಲ್ಲಿ ಕೆಸರು ಬರತೊಡಗಿದರೂ ಹಗ್ಗ ಹನ್ನೊಂದರಲ್ಲೇ ನಿಂತಿತ್ತು.

“ಒಂದು ಹೆಚ್ಚಿಗೆ ಬರೆದ್ರೆ ನಿನ್ನ ಗಂಟೇನು ಹೋಗುತ್ತೆ?” ಹಾಲಿನವಳು ಅಡ್ಡಗಟ್ಟಿದಳು.

“ಇಲ್ಲದ್ದು ಬರೆಯಲ್ಲ, ತಾಯಿ. ಒಂದ್ಸಲ ಸುಳ್ಳು ಬರೆದ್ರೆ ಮುಂದೆ ನಿಜಾನೂ ನಂಬಲ್ಲ ಅವರು.”

ಅಂದಿನಿಂದ ಹಗ್ಗದಕ್ಕ ಬಾವಿಕಟ್ಟೆಗೆ ಬಂದರೆ ಮಾತು ನಿಲ್ಲುತ್ತಿತ್ತು. ಮೂರು ವಾರದಲ್ಲಿ ಹಾಲಿನವಳ ಎರಡು ಕರು ಸತ್ತವು.

ಒಂದು ಮಧ್ಯಾಹ್ನ ಹಗ್ಗದಕ್ಕ ರವಿಕೆ ಹೊಲಿಸಲು ಬಂದಳು. ದರ್ಜಿಯಮ್ಮ ರೂಢಿಯಂತೆ ಟೇಪನ್ನು ಕಬ್ಬಿಣದ ಅಳತೆಕಡ್ಡಿಗೆ ಹಿಡಿದು ನೋಡಿದಳು.

“ಅದ್ಯಾಕೆ?”

“ಟೇಪು ಎಳೆದೂ ಎಳೆದೂ ಉದ್ದ ಆಗಿಬಿಡುತ್ತೆ ಕಣಕ್ಕ. ಆಮೇಲೆ ಅದರಲ್ಲಿ ದಪ್ಪಗಿರೋರೂ ತೆಳ್ಳಗೆ!”

ಹಗ್ಗದಕ್ಕ ನಗಲಿಲ್ಲ. ಬರಿಗಾಲಲ್ಲೇ ಓಡಿಹೋಗಿ ಹಗ್ಗ ತಂದಳು. ಇಬ್ಬರೂ ನೆಲಕ್ಕೆ ಕೂತು ಕಡ್ಡಿ ಇಟ್ಟು ಅಳೆದರು. ಏಳು ವರ್ಷ ಕಲ್ಲು ಜಗ್ಗಿ ಜಗ್ಗಿ ಒಂದೊಂದು ಮಾರೂ ಹೆಚ್ಚುಕಡಿಮೆ ಗೇಣುದ್ದ ಬೆಳೆದಿತ್ತು. ಹನ್ನೊಂದೆಂದು ಬರೆದ ನೀರು ನಿಜದಲ್ಲಿ ಹನ್ನೆರಡು ದಾಟಿ ಎಷ್ಟು ದಿನವಾಗಿತ್ತೋ!

“ತಪ್ಪು ನನ್ನದೇ,” ಎಂದು ಹಗ್ಗದಕ್ಕನೇ ಕಚೇರಿಗೆ ಹೋಗಿ ಹೇಳಿದಳು. ನಾಲ್ಕನೇ ದಿನ ಟ್ಯಾಂಕರು ಬಂತು, ಮೇವೂ ಬಂತು. ಉಳಿದ ದನ ಉಳಿದವು. ಆದರೆ ಸತ್ತ ಕರುಗಳ ಪಾಪವನ್ನು ಜನ ಅವಳ ತಲೆಗೇ ಕಟ್ಟಿದರು. ಬಾವಿಕಟ್ಟೆಯ ಮಾತು ಮತ್ತೆ ಅವಳ ಕಡೆ ತಿರುಗಲಿಲ್ಲ. ಹೊಸ ಹಗ್ಗ ಹಿಡಿದು ಹದಿಮೂರು ವರ್ಷ ಒಬ್ಬಳೇ ಹೋದಳು, ಒಬ್ಬಳೇ ಬಂದಳು. ತಿಂಗಳಿಗೊಮ್ಮೆ ಕಡ್ಡಿ ಕೇಳಿಕೊಂಡು ದರ್ಜಿಯಮ್ಮನ ಮನೆಗೆ ಬಂದರೆ ಮಾತ್ರ ಅವಳ ದನಿ ಕೇಳಬೇಕು.

ಹಾಸಿಗೆ ಹಿಡಿದಾಗ ನೋಡಲು ಹೋದವಳೂ ದರ್ಜಿಯಮ್ಮನೊಬ್ಬಳೇ. ಗೂಟದಲ್ಲಿ ಹಗ್ಗ ನೇತಾಡುತ್ತಿತ್ತು. ಹಗ್ಗದಕ್ಕ ಅದನ್ನೇ ನೋಡುತ್ತ ದರ್ಜಿಯಮ್ಮನ ಕೈ ಹಿಡಿದುಕೊಂಡಳು.

“ನನ್ನ ಜಾಗಕ್ಕೆ ಯಾರಾದ್ರೂ ಒಬ್ಬಳು ಬರ್ತಾಳೆ. ತಿಂಗಳಿಗೊಮ್ಮೆ ಕಡ್ಡಿ ತಗೊಂಡು ಹೋಗು, ಹಗ್ಗ ಅಳೆದು ಕೊಡು. ಹಾಗೇ ಸ್ವಲ್ಪ ಹೊತ್ತು ಕೂತು, ಅವಳ ಹತ್ರ ಎರಡು ಮಾತಾಡಿ ಬಾ.”