ಉಡಿಕೆಯ ಹೆಂಡತಿ

ಯಂಕೋಬನ ಕಾಗದ ಆಫ್ರಿಕಾದ ಮೊಂಬಾಸಾದಿಂದ ಮಸ್ಕಿಗೆ ಬಂದು ಮುಟ್ಟಲು ಎರಡು ತಿಂಗಳು ಹಿಡಿದಿತ್ತು. ಕಲ್ಲು ಕಟೆಯುವುದರಲ್ಲಿ ಅವನ ಸರಿಸಮ ನಿಲ್ಲುವವರು ಆ ಸೀಮೆಯಲ್ಲಿ ಇರಲಿಲ್ಲ. ರಾಯಚೂರಿನ ಕಡೆ ರೈಲು ಸೇತುವೆಯ ಕೆಲಸದಲ್ಲಿ ಅವನ ಕೈಚಳಕ ಕಂಡ ಗುತ್ತಿಗೆದಾರನೊಬ್ಬ ಅವನನ್ನು ಹಡಗು ಹತ್ತಿಸಿಕೊಂಡು ಹೋಗಿ ನಾಲ್ಕು ವರ್ಷವಾಗಿತ್ತು. ಈಗ ಅವನು ಹೆಂಡತಿಯನ್ನು ಕರೆಸಿಕೊಳ್ಳಬೇಕೆಂದಿದ್ದ.

ಹೆಂಡತಿ ಗದ್ದೆಮ್ಮನಿಗೆ ಓದು ಬರುತ್ತಿರಲಿಲ್ಲ. ಟಪಾಲು ಹಂಚುವ ಬಾಬುಸಾಬನ ಮನೆಯಾಕೆ ಅಖ್ತರಬೇಗಂ ಪಡಸಾಲೆಯಲ್ಲಿ ಕೂತು ಓದಿ ಹೇಳಿದಳು: "ಅಲ್ಲಿನ ಸರಕಾರ ನಿನ್ನನ್ನ ಬಿಟ್ಟುಕೊಳ್ಳತೈತಿ ಅಂತ ಬರಸ್ಯಾನ. ಆದ್ರ ನೀ ಅವನ ಹೇಣ್ತಿ ಅಂತ ನಮ್ಮ ಸರಕಾರ ಮೊಹರು ಹಾಕಿ ಕೊಡಬೇಕಂತ. ಆಮ್ಯಾಲೆ ಹೈದ್ರಾಬಾದಿನಿಂದ ಪಾಸಪೋರ್ಟು."

"ಹೇಣ್ತಿ ಅನ್ನೋದಕ್ಕ ಮೊಹರು ಯಾಕ ಬೇಕಕ್ಕ? ಊರಿಗೇ ಗೊತ್ತೈತಲ್ಲ."

"ಊರು ಬ್ಯಾರೆ, ಕಚೇರಿ ಬ್ಯಾರೆ ಗದ್ದೆವ್ವ," ಎಂದಳು ಅಖ್ತರಬೇಗಂ.

ಆ ಮಾತು ಎಷ್ಟು ನಿಜವೆಂಬುದು ಲಿಂಗಸುಗೂರಿಗೆ ಹೋದ ಮೊದಲ ದಿನವೇ ಗದ್ದೆಮ್ಮನಿಗೆ ತಿಳಿಯಿತು. ಅಲ್ಲಿನ ಒಂದು ಸರಕಾರಿ ಕಚೇರಿಯಲ್ಲಿ ಪೇಶಕಾರನೊಬ್ಬ ಅರ್ಜಿಗಳನ್ನು ನೋಡುತ್ತಿದ್ದ. ಬೆಳಗಿನಿಂದ ಬಿಸಿಲಲ್ಲಿ ನಿಲ್ಲಿಸಿ, ಊಟ ಮುಗಿಸಿ ಬಂದು, ಎಲೆ ಅಡಿಕೆ ಜಗಿಯುತ್ತ ಅವಳನ್ನು ಒಳಗೆ ಕರೆದ.

"ಲಗ್ನದ ಕಾಗದ ಐತೇನು?"

"ನಮ್ಮೂರಾಗ ಲಗ್ನಕ್ಕ ಕಾಗದ ಮಾಡಂಗಿಲ್ರಿ ಸಾಹೇಬ್ರ."

"ಮೊದಲನೇ ಲಗ್ನ ಏನು?"

ಗದ್ದೆಮ್ಮ ಮುಚ್ಚಿಡಲಿಲ್ಲ. ಅವಳಿಗೆ ಹದಿನೇಳಾಗಿದ್ದಾಗ ಮೊದಲ ಗಂಡ ವಾಂತಿಭೇದಿಯಲ್ಲಿ ಸತ್ತ. ಮೂರು ವರ್ಷ ಕಳೆದ ಮೇಲೆ ಯಂಕೋಬ ಕೇಳಿಕೊಂಡು ಬಂದು ಉಡಿಕೆ ಮಾಡಿಕೊಂಡ. ವಿಧವೆಗೆ ಹೊಸ ಸೀರೆ ಉಡಿಸಿ, ಹಿರಿಯರ ಎದುರು ಹೆಂಡತಿಯೆಂದು ಒಪ್ಪಿಕೊಳ್ಳುವುದು ಅವರಲ್ಲಿ ನಡೆದು ಬಂದದ್ದು. ವಾಲಗವಿಲ್ಲ, ಹಂದರವಿಲ್ಲ. ಆದರೆ ಮಾಡಿಕೊಂಡವಳು ಹೆಂಡತಿಯೇ, ಹುಟ್ಟಿದ ಮಕ್ಕಳು ಮನೆಯ ಮಕ್ಕಳೇ.

ಪೇಶಕಾರ ಲೆಕ್ಕಣಿಕೆ ಕೆಳಗಿಟ್ಟು ನಕ್ಕ. "ಉಡಿಕೀನಾ?" ಎಂದು ಪಕ್ಕದ ಗುಮಾಸ್ತರ ಕಡೆ ನೋಡಿದ. ಅವರೂ ನಕ್ಕರು. ಎಷ್ಟು ದಿನ ಕೂಡಿ ಇದ್ದಿರಿ, ಮಕ್ಕಳು ಯಾಕಾಗಲಿಲ್ಲ, ತಪ್ಪು ಯಾರದು, ಹೀಗೆ ಕೇಳುತ್ತಲೇ ಹೋದ. ಕಡೆಗೆ, "ಗಂಡನ ಮೈಮ್ಯಾಲೆ ಗುರುತು ಏನೈತಿ?" ಎಂದ.

"ಎಡಗಡೆ ಹುಬ್ಬಿನಾಗ ಕಲ್ಲಿನ ಚೂರು ಬಡಿದ ಕಲೆ ಐತ್ರಿ."

"ಅದು ಎಲ್ಲಾರಿಗೂ ಕಾಣತೈತಿ. ಹೇಣ್ತಿಗಷ್ಟ ಗೊತ್ತಿರೋದು ಹೇಳು."

ಕಚೇರಿಯ ತುಂಬ ಗಂಡಸರು. ಬಾಗಿಲಲ್ಲಿದ್ದ ಜವಾನ ಕೂಡ ಕಿವಿ ಕೊಟ್ಟು ನಿಂತಿದ್ದ. ಗದ್ದೆಮ್ಮನ ಕಿವಿ ಕಾದ ಬಾಣಲೆಯಂತೆ ಸುಡುತ್ತಿತ್ತು. ಅವಳು ಸೆರಗು ಬಿಗಿದುಕೊಂಡು ಹೊರಗೆ ಬಂದಳು. ಬೇವಿನ ಮರದ ಕೆಳಗೆ ನಿಂತು, ಬಾಯಿಗೆ ಬಂದ ಬೈಗುಳಗಳನ್ನೆಲ್ಲ ಒಂದೊಂದಾಗಿ ನುಂಗಿದಳು. ಬೈದರೆ ಕಾಗದ ಸಿಗುವುದಿಲ್ಲವೆಂಬುದು ಅವಳಿಗೆ ಗೊತ್ತಿತ್ತು.

ಹಾಗೆ ನುಂಗುತ್ತ ಒಂದೂವರೆ ವರ್ಷ ತಿರುಗಿದಳು. ಮಸ್ಕಿಯಿಂದ ಲಿಂಗಸುಗೂರಿಗೆ ಒಮ್ಮೆ ಯಾರದೋ ಗಾಡಿಯಲ್ಲಿ, ಹೆಚ್ಚಿನ ಸಲ ಕಾಲ್ನಡಿಗೆಯಲ್ಲಿ. ಇವತ್ತು ಸಾಹೇಬರಿಲ್ಲ, ನಾಳೆ ಹಬ್ಬ, ಊರಿನ ಪಾಟೀಲನ ಜವಾಬು ಬಂದಿಲ್ಲ, ಬಂದ ಜವಾಬು ಸರಿಯಿಲ್ಲ. ಸಾಕ್ಷಿ ಕರೆತಾ ಎಂದಾಗ, ಉಡಿಕೆಯ ದಿನ ತನಗೆ ಸೀರೆ ಉಡಿಸಿದ ಬಸ್ಸಮ್ಮನನ್ನು ಕರೆದುಕೊಂಡು ಹೋದಳು. "ರಂಡೆ ಮುಂಡೇರ ಸಾಕ್ಷಿ ನಡಿಯಂಗಿಲ್ಲ," ಎಂದು ಪೇಶಕಾರ ಆ ಮುದುಕಿಯನ್ನು ಹೊರಗೆ ಕಳಿಸಿದ. ಬಸ್ಸಮ್ಮ ದಾರಿಯುದ್ದಕ್ಕೂ ಅತ್ತಳು. ಗದ್ದೆಮ್ಮ ಅಳಲಿಲ್ಲ, ಹಲ್ಲು ಕಚ್ಚಿ ನಡೆದಳು.

ಕೊನೆಗೊಂದು ದಿನ ಪೇಶಕಾರ ತಾನಾಗಿಯೇ ಕರೆದು, ಉರ್ದುವಿನಲ್ಲಿ ಬರೆದ ಕಾಗದ ಮುಂದಿಟ್ಟು, "ಹೆಬ್ಬೆಟ್ಟು ಒತ್ತು," ಎಂದ. ಒತ್ತಿದಳು. ಮೊಹರು ಬಿತ್ತು. ಆ ದಿನ ಅವಳಿಗೆ ಲಿಂಗಸುಗೂರಿನಿಂದ ಮಸ್ಕಿ ಹತ್ತಿರವೆನಿಸಿತು. ಬಂದವಳೇ ಅಖ್ತರಬೇಗಂಳ ಕೈಗೆ ಕಾಗದ ಕೊಟ್ಟಳು.

ಅಖ್ತರಬೇಗಂ ಓದುತ್ತ ಓದುತ್ತ ಒಂದು ಕಡೆ ನಿಂತುಬಿಟ್ಟಳು. ಮತ್ತೆ ಮೊದಲಿನಿಂದ ಓದಿದಳು.

"ಏನಾತಕ್ಕ?"

"ಏನಿಲ್ಲ. ಮೊಹರು ಐತಿ. ನಡೀತೈತಿ."

"ನನ್ನ ಮಾರಿ ನೋಡಿ ಹೇಳು."

ಅಖ್ತರಬೇಗಂ ಕಾಗದ ಮಡಚಿದಳು. "ಕೈ ಹಿಡಿದ ಹೇಣ್ತಿಗೆ ಮನ್‌ಕೂಹಾ ಅಂತಾರ. ಇದರಾಗ ಮದಖೂಲಾ ಅಂತ ಬರದಾನ." ದನಿ ಇಳಿಸಿ ಹೇಳಿದಳು: "ಅಂದ್ರ, ಇಟ್ಟಗೊಂಡಾಕಿ."

ಗದ್ದೆಮ್ಮ ಕೂತಲ್ಲೇ ಕೂತಳು. ಕಪ್ಪು ಮಸಿ ಇನ್ನೂ ಅಂಟಿಕೊಂಡಿದ್ದ ಹೆಬ್ಬೆರಳನ್ನು ಸೆರಗಿಗೆ ಉಜ್ಜಿದಳು, ಆಮೇಲೆ ಗೋಡೆಗೆ ಉಜ್ಜಿದಳು, ಚರ್ಮ ಕಿತ್ತು ಬರುವ ಹಾಗೆ ಉಜ್ಜಿದಳು. "ನನ್ನ ಕೈಲೇ ಒತ್ತಿಸಿದನಲ್ಲಕ್ಕ," ಎಂದಳು. "ನನ್ನ ಕೈಲೇ."

ಮರುದಿನ ಬೆಳಿಗ್ಗೆ ಉಡಿಕೆಗೆ ಹಿರಿತನ ಮಾಡಿದ್ದ ದುರುಗಪ್ಪನ ಮನೆಗೆ ಹೋದಳು. ಅವನು ತಲೆ ಕೆರೆದುಕೊಂಡ. "ಬಿಡವ್ವ, ಏನರ ಬರಕೊಳ್ಳಲಿ. ಅಲ್ಲಿ ಈ ಭಾಷೆ ಯಾರಿಗೆ ಬರತೈತಿ? ನೀ ಸುಮ್ನ ಗಂಡನ ಕಡಿ ಹೋಗು."

ಒಂದೂವರೆ ವರ್ಷ ನುಂಗಿದ್ದೆಲ್ಲ ಆಗ ಹೊರಗೆ ಬಂತು. "ಸುಮ್ನ ಹೋಗಬೇಕಾ? ಆ ದಿನ ನೀನ ಅಲ್ಲೇನು ಕಟ್ಟಿ ಮ್ಯಾಲೆ ಕೂತು, ಇವತ್ತಿಂದ ಈಕಿ ಯಂಕೋಬನ ಹೇಣ್ತಿ ಅಂದಾಂವ? ಆ ಮಾತು ಸುಳ್ಳಾದ್ರ ನಿನ್ನ ಹಿರಿತನಾನೂ ಸುಳ್ಳು. ನಿನ್ನ ತಂಗೀನೂ ಉಡಿಕಿ ಆದಾಕಿ. ಆಕಿಗೂ ಹೋಗಿ ಹೇಳು ಇದನ್ನ!"

ದುರುಗಪ್ಪ ರುಮಾಲು ಸುತ್ತಿಕೊಂಡು ಎದ್ದ.

ಆ ವಾರ ಪೇಶಕಾರನ ಮೇಲಿನ ದೊಡ್ಡ ಸಾಹೇಬರು ಸಿಂಧನೂರಿಗೆ ದೌರೆಯ ಮೇಲೆ ತಪಾಸಣೆಗೆ ಬಂದಿದ್ದರು. ಊರ ಹೊರಗಿನ ಹುಣಸೆ ತೋಪಿನಲ್ಲಿ ಡೇರೆ ಹಾಕಿತ್ತು. ಅಖ್ತರಬೇಗಂಳ ತವರು ಸಿಂಧನೂರೇ ಆಗಿದ್ದರಿಂದ ಅವಳೂ ಪರದೆ ಕಟ್ಟಿದ ಗಾಡಿಯಲ್ಲಿ ಹೊರಟಳು. ಅದೇ ಗಾಡಿಯ ಹಿಂದೆ ಗದ್ದೆಮ್ಮ, ಬಸ್ಸಮ್ಮ, ದುರುಗಪ್ಪ ನಡೆದರು.

ಡೇರೆಯಲ್ಲಿ ಪೇಶಕಾರನೂ ಇದ್ದ. ಇವರನ್ನು ಕಂಡು ಅವನ ಮುಖ ಗಂಟಾಯಿತು. ಸಾಹೇಬರು ಗುಲಬರ್ಗಾ ಕಡೆಯವರು, ಕನ್ನಡ ತಿಳಿಯುತ್ತಿತ್ತು. ಕಾಗದ ನೋಡಿ, "ಇದರಲ್ಲಿ ತಪ್ಪೇನಿದೆ?" ಎಂದರು.

"ಹುಜೂರ್, ಈಕಿಗೆ ಲಗ್ನದ ಸಬೂತ್ ಇಲ್ಲ," ಎಂದ ಪೇಶಕಾರ.

"ಸಬೂತು ನಾ ಕೊಡತೀನ್ರಿ," ಎಂದಳು ಗದ್ದೆಮ್ಮ. ಅವಳ ದನಿ ತೋಪಿನ ತುದಿಯವರೆಗೂ ಕೇಳಿಸಿತು. "ಹೋದ ವರ್ಷ ಮಸ್ಕಿಯಾಗ ನಿಮ್ಮ ಡೇರೆ ಬಿದ್ದಾಗ ಬಿಟ್ಟಿ ಚಾಕರಿಗೆ ಮನಿಗೊಬ್ಬರು ಬರ್ರಿ ಅಂದ್ರು. ನನ್ನ ಗಂಡ ಊರಾಗ ಇಲ್ರೀ ಅಂದೆ. ಗಂಡ ಇಲ್ಲದಿದ್ರ ಹೇಣ್ತಿ ಬರಬೇಕು ಅಂತ ಹೇಳಿದಾಂವ ಇವನ, ಇದ ಪೇಶಕಾರ. ಆರು ದಿನ ನೀರು ಹೊತ್ತೀನಿ. ನಿಮ್ಮ ಕುದುರಿ ಲದ್ದಿ ಬಳದೀನಿ. ಹಾಜರಿ ಪಟ್ಟಿಯಾಗ ಯಂಕೋಬನ ಹೇಣ್ತಿ ಅಂತ ಬರಕೊಂಡು ದಿನಾ ಕೂಗ್ಯಾನ. ದುಡಿಸಿಗೊಳ್ಳಾಕ ಹೇಣ್ತಿ, ಕಾಗದ ಕೊಡಾಕ ಇಟ್ಟಗೊಂಡಾಕಿ! ಯಾವ ಕಾನೂನ್ರಿ ಇದು?"

ಪೇಶಕಾರ ಬಾಯಿ ತೆರೆದ. ಸಾಹೇಬರು ಕೈಯೆತ್ತಿ ತಡೆದರು. ಬಿಟ್ಟಿ ಚಾಕರಿ ಮಾಡಿಸಬಾರದೆಂದು ಸರಕಾರದ ಹುಕುಮು ಬಂದು ಬಹಳ ವರ್ಷವಾಗಿತ್ತು. ಸುತ್ತ ಜನ ಸೇರುತ್ತಿದ್ದರು. ಅವರು ಕೆಮ್ಮಿ, ದುರುಗಪ್ಪನ ಕಡೆ ತಿರುಗಿ, "ಗಂಡ ಬಿಡದೆ ಈಕೆ ಇನ್ನೊಬ್ಬನನ್ನು ಮಾಡಿಕೊಳ್ಳಬಹುದೇ?" ಎಂದು ಕೇಳಿದರು.

"ಇಲ್ರಿ ಸರಕಾರ. ಮಾಡಿಕೊಂಡ್ರ ಕುಲದಿಂದ ಹೊರಗ."

"ಮತ್ತೆ ಹೆಂಡತಿಯೇ ಆದಳಲ್ಲ. ಬೇರೆ ಬರೆದು ಕೊಡು," ಎಂದರು ಪೇಶಕಾರನಿಗೆ. ಕ್ಷಮೆಯ ಮಾತು ಯಾರ ಬಾಯಿಂದಲೂ ಬರಲಿಲ್ಲ.

ಹೊಸ ಕಾಗದ ತಯಾರಾಯಿತು. ಪೇಶಕಾರ ಮಸಿಯ ಡಬ್ಬಿ ಅವಳ ಮುಂದೆ ತಳ್ಳಿದ. ಗದ್ದೆಮ್ಮ ಹೆಬ್ಬೆಟ್ಟು ಒತ್ತಲಿಲ್ಲ. ಕಾಗದ ಎತ್ತಿಕೊಂಡು, ಎಲ್ಲರೂ ನೋಡುತ್ತಿದ್ದಂತೆ ಗಾಡಿಯ ಹತ್ತಿರ ನಡೆದು, ಪರದೆಯ ಸಂದಿಯಲ್ಲಿ ಒಳಗೆ ಕೊಟ್ಟಳು. ಪೇಶಕಾರ ಡಬ್ಬಿ ಹಿಡಿದುಕೊಂಡು ಬಿಸಿಲಲ್ಲಿ ಕಾಯುತ್ತ ನಿಂತ. ಅಖ್ತರಬೇಗಂ ಅವಸರ ಮಾಡದೆ ಎರಡು ಸಲ ಓದಿದಳು. "ಮನ್‌ಕೂಹಾ," ಎಂದಿತು ಪರದೆಯ ಒಳಗಿನ ದನಿ. ಆಗ ಬಂದು ಒತ್ತಿದಳು.

ಅಲ್ಲಿಗೂ ಮುಗಿಯಲಿಲ್ಲ. ಹೈದರಾಬಾದಿನಿಂದ ಪಾಸಪೋರ್ಟು ಬರಲು ಮತ್ತೆ ಹನ್ನೊಂದು ತಿಂಗಳು. ಮುಂಬಯಿಯಲ್ಲಿ ಹಡಗಿಗಾಗಿ ಮೂರು ವಾರ. ಮೊಂಬಾಸಾದ ಬಂದರಿನಲ್ಲಿ ಬಿಳಿಯ ಅಧಿಕಾರಿ ಅವಳ ಕಾಗದಗಳನ್ನು ಬಿಡಿಸಿ ಕೂಡ ನೋಡಲಿಲ್ಲ. ಮೇಲೆ ಮೇಲೆ ಕಣ್ಣಾಡಿಸಿ, ಠಪ್ ಎಂದು ಮುದ್ರೆ ಒತ್ತಿ, ಮುಂದಿನವರನ್ನು ಕರೆದ.

ಹೊರಗೆ ಯಂಕೋಬ ಹೊಸ ಕೋಟು ಹಾಕಿಕೊಂಡು ನಿಂತಿದ್ದ. ತಲೆ ಅಲ್ಲಲ್ಲಿ ಬೆಳ್ಳಗಾಗಿತ್ತು. ನಗುತ್ತ ಗಂಟು ಇಸಿದುಕೊಂಡು, "ಇಷ್ಟು ತಡ ಯಾಕ ಮಾಡಿದಿ?" ಎಂದ.

ಏಳು ವರ್ಷದ ಮೇಲೆ ಕೇಳಿದ ಗಂಡನ ಮೊದಲ ಮಾತು ಅದು. ಗದ್ದೆಮ್ಮ ಬಂದರಿನ ನಡುವೆಯೇ ಶುರು ಮಾಡಿದಳು. ಪೇಶಕಾರನಿಂದ ಹಿಡಿದು ದುರುಗಪ್ಪನವರೆಗೆ, ಕೊನೆಗೆ "ಕಾಗದ ಮಾಡಿಸಿಕೊಂಡು ಬಾ" ಎಂದು ಎರಡು ಸಾಲು ಬರೆಸಿ ಕೈ ತೊಳೆದುಕೊಂಡ ಯಂಕೋಬನವರೆಗೆ ಯಾರನ್ನೂ ಬಿಡಲಿಲ್ಲ. ಕೂಲಿಗಳು ಮೂಟೆ ಇಳಿಸಿ ನಿಂತು ನೋಡಿದರು. ಯಂಕೋಬ ತಲೆ ತಗ್ಗಿಸಿ ಕೇಳಿಸಿಕೊಂಡ.

ಅವನು ಈಗ ಕೆಲಸಕ್ಕಿದ್ದ ನೈರೋಬಿಯ ರೈಲು ಹತ್ತಿದ ಮೇಲೆ ಅವಳು ಕೇಳಿದಳು: "ನಾ ನಿನ್ನ ಹೇಣ್ತಿ ಅನ್ನೋದಕ್ಕ ನಿನಗೇನು ಸಬೂತು ಕೇಳಿದ್ರು ಇಲ್ಲಿ?"

"ನನಗಾ?" ಯಂಕೋಬ ನೆನಪು ಮಾಡಿಕೊಂಡ. "ಲಗ್ನ ಆಗೈತೇನು ಅಂದ್ರು. ಹೂಂ ಅಂದೆ. ಬರಕೊಂಡ್ರು."

"ಅಷ್ಟ?"

"ಅಷ್ಟ."

ಗದ್ದೆಮ್ಮ ಎದ್ದು ಎದುರಿನ ಹಲಗೆಯ ತುದಿಗೆ ಹೋಗಿ ಕೂತು, ಕಿಟಕಿಯ ಕಡೆ ಮುಖ ತಿರುಗಿಸಿದಳು. ಹೊರಗೆ ಮಸ್ಕಿಯ ಹೊಲಗಳಿಗಿಂತ ಕೆಂಪಾದ ಮಣ್ಣು ಓಡುತ್ತಿತ್ತು. ಅವನು ಕಟ್ಟಿಸಿಕೊಂಡು ಬಂದಿದ್ದ ಬುತ್ತಿಯನ್ನು ಮುಂದೆ ಇಟ್ಟ. ಅವಳು ಅದನ್ನು ಮುಟ್ಟಲಿಲ್ಲ. ನೈರೋಬಿ ಬರುವ ತನಕ ಅವನೊಡನೆ ಒಂದು ಮಾತೂ ಆಡಲಿಲ್ಲ.