ಬಿಳಿ ಮುರುಗಲು ಕಡಿದವರಿಗೆ ಶಾಲು

ಭಾವ ಆ ಮರ ಕಡಿಸಿದ್ದು ಮೇ ತಿಂಗಳಲ್ಲಿ, ಅದು ಹಣ್ಣು ತುಂಬಿ ನಿಂತಿದ್ದಾಗ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈಗ ಊರಲ್ಲಿ ಬೇರೆಯೇ ಕತೆ ಓಡಾಡುತ್ತಿದೆ.

ನನ್ನ ಗಂಡನ ಮನೆ ಹಟ್ಟಿಯಂಗಡಿಯ ಹತ್ತಿರ. ನಾವಿಬ್ಬರು ಇರುವುದು ಬೈಂದೂರಿನಲ್ಲಿ. ಹಳೆ ಮನೆಯಲ್ಲಿ ಅತ್ತೆ, ಗಂಡನ ಅಣ್ಣ ಅಂದರೆ ನನ್ನ ಭಾವ, ಅವರ ಸಂಸಾರ. ಮನೆಯ ಹಿಂದೆ ಬಾವಿಯ ಪಕ್ಕ ಒಂದು ಮುರುಗಲಿನ ಮರ ಇತ್ತು. ಉಡುಪಿ ಕಡೆಯವರು ಪುನರ್ಪುಳಿ ಅನ್ನುತ್ತಾರಲ್ಲ, ಅದೇ. ಎಲ್ಲ ಕಡೆ ಆ ಹಣ್ಣು ಕಡುಗೆಂಪು. ಈ ಮರದ ಹಣ್ಣು ಮಾತ್ರ ಬೆಣ್ಣೆಯ ಬಣ್ಣಕ್ಕೆ ತಿರುಗಿ ಅಲ್ಲೇ ನಿಲ್ಲುತ್ತಿತ್ತು. ಶರಬತ್ತು ಮಾಡಿದರೆ ಎಳನೀರಿನಷ್ಟು ತಿಳಿ. ಹುಳಿ ಹದವಾಗಿ, ಒಗರಿಲ್ಲದೆ ಗಂಟಲಿಗೆ ಇಳಿಯುತ್ತಿತ್ತು. ಬಸುರಿಯರಿಗೆ ವಾಂತಿ ನಿಲ್ಲದಿದ್ದರೆ ನಾಲ್ಕು ಮನೆಯಾಚೆಯಿಂದಲೂ ಅತ್ತೆಯ ಹತ್ತಿರ ಬರುತ್ತಿದ್ದರು. ನಾನೂ ಆ ಶರಬತ್ತು ಕುಡಿದೇ ಮಗಳನ್ನು ಹೆತ್ತವಳು.

ಭಾವನಿಗೆ ಕಾರು ಬಂತು. ಕಾರು ನಿಲ್ಲಿಸಲು ಶೀಟು ಹೊದಿಸಿದ ಮಾಡು ಬೇಕಾಯಿತು. ಮುಂದೆ ಅಂಗಳದಲ್ಲಿ ಬೇಕಾದಷ್ಟು ಜಾಗ ಇತ್ತು, ಆದರೆ ಅಲ್ಲಿ ಕಟ್ಟಿದರೆ ಮನೆಯ ಚಂದ ಹಾಳಾಗುತ್ತದಂತೆ, ಹಿಂದೆ ಬಾವಿಯ ಪಕ್ಕವೇ ಆಗಬೇಕಂತೆ. ಸುದ್ದಿ ತಿಳಿದು ನಾನು ಬಸ್ಸು ಹಿಡಿದು ಹೋಗುವಷ್ಟರಲ್ಲಿ ಮರ ನೆಲದ ಮೇಲಿತ್ತು. ಕೊಂಬೆಯ ಎಲೆ ಇನ್ನೂ ಬಾಡಿರಲಿಲ್ಲ. ಹಣ್ಣು ಜಜ್ಜಿಹೋಗಿ ಹಿತ್ತಲೆಲ್ಲ ಹುಳಿ ವಾಸನೆ. ಅತ್ತೆ ಆ ಕೊಂಬೆಗಳ ನಡುವೆ ಕೂತು ಒಡೆಯದ ಹಣ್ಣುಗಳನ್ನು ಬುಟ್ಟಿಗೆ ಆಯುತ್ತಿದ್ದರು.

ಯಾಕೆ ಕಡಿಸಿದಿರಿ ಎಂದು ಭಾವನನ್ನು ಕೇಳಿದೆ. ಅವರು ಮರ ಕಡಿದವರಿಗೆ ಚಾ ಕೊಡಿಸುತ್ತಿದ್ದರು. ತಿರುಗಿಯೂ ನೋಡಲಿಲ್ಲ.

"ಕಾಟ್ ಮರ ಅದ್. ಬಿಳಿ ಶರಬತ್ ಯಾರ್ ಕುಡಿತ್ರ್ ಈಗ?"

ನನ್ನ ಜೊತೆ ಬಂದಿದ್ದ ಗಂಡ ಪಕ್ಕದಲ್ಲೇ ನಿಂತಿದ್ದರು. ಅಣ್ಣನ ಎದುರು ಬಾಯಿ ಬಿಡುವ ಅಭ್ಯಾಸ ಅವರಿಗೆ ಇಲ್ಲ.

ಅತ್ತೆ ಆ ಬುಟ್ಟಿಯ ಹಣ್ಣನ್ನು ಸಕ್ಕರೆ ಬೆರೆಸಿ ಭರಣಿಗೆ ತುಂಬಿದರು. ಬೀಜ ತೊಳೆದು ಬಾಳೆಲೆಯಲ್ಲಿ ಕಟ್ಟಿ ನನ್ನ ಕೈಗೆ ಕೊಟ್ಟು, "ಇದ್ನ ನೆಡ್. ಇಲ್ಲಿ ಬೇಡ," ಅಂದರು. ಮುಂದಿನ ಮಳೆಗಾಲ ಮುಗಿಯುವುದರೊಳಗೆ ಅವರು ತೀರಿಕೊಂಡರು. ಮರ ಹೋದ ಕೊರಗಿನಲ್ಲೇ ಹೋದರು ಎಂದು ನಾನು ಹೇಳುವುದಿಲ್ಲ, ಅವರಿಗೆ ವಯಸ್ಸಾಗಿತ್ತು. ಆದರೆ ಆಮೇಲೆ ಹಿತ್ತಲಿನ ಬಾಗಿಲನ್ನು ಅವರು ತೆಗೆದದ್ದನ್ನು ನಾನು ನೋಡಲಿಲ್ಲ.

ಬೀಜಗಳನ್ನು ಕೋಟೇಶ್ವರದ ನನ್ನ ತವರಿನ ಹಿತ್ತಲಲ್ಲಿ ನೆಟ್ಟೆ. ಐದು ಗಿಡ ಉಳಿದವು. ಬೇಸಿಗೆಯಲ್ಲಿ ವಾರಕ್ಕೆ ಎರಡು ಸಲ ಬೈಂದೂರಿನಿಂದ ಬಂದು ನೀರು ಹಾಕಿದೆ. ಏಳನೇ ವರ್ಷ ಹೂ ಬಿಟ್ಟವು. ನಾಲ್ಕು ಗಿಡ ಹೂ ಉದುರಿಸಿ ಸುಮ್ಮನಾದವು. ಐದನೆಯದರಲ್ಲಿ ಕಾಯಿ ಹಿಡಿದಾಗ ದಿನವೂ ಫೋನು ಮಾಡಿ ಬಣ್ಣ ಕೇಳುತ್ತಿದ್ದೆ. ಹಣ್ಣಾಯಿತು. ಕೆಂಪು.

ಬ್ರಹ್ಮಾವರದಲ್ಲಿ ಕಸಿಗಿಡ ಮಾರುವ ಒಬ್ಬ ಹಿರಿಯರ ಹತ್ತಿರ ಹೋದೆ. ಮುರುಗಲಿನಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ ಎಂದು ನನಗೆ ಗೊತ್ತಾದದ್ದೇ ಆಗ. ಬೀಜದಿಂದ ಹುಟ್ಟಿದ್ದು ತಾಯಿಯ ಬಣ್ಣವನ್ನೇ ತರುತ್ತದೆ ಎಂಬ ಭರವಸೆ ಇಲ್ಲ, ಬಿಳಿ ಬೇಕಾದರೆ ಬಿಳಿ ಮರದ ಕುಡಿಯನ್ನೇ ತಂದು ಕಸಿ ಕಟ್ಟಬೇಕು ಎಂದರು. ತಾಯಿಮರ ಎಲ್ಲಿದೆ ಎಂದು ಕೇಳಿದರು. ಕಡಿದಾಗಿದೆ ಎಂದೆ. ಅವತ್ತು ಬಸ್ಸಿನಲ್ಲಿ ನನಗೆ ನನ್ನ ಮೇಲೆಯೇ ಸಿಟ್ಟು ಬಂತು. ಮರ ಬಿದ್ದ ದಿನ ನೂರಾರು ಕುಡಿ ನನ್ನ ಕಾಲ ಬುಡದಲ್ಲೇ ಇದ್ದವು. ನಾನು ಬೀಜ ಹಿಡಿದುಕೊಂಡು ಬಂದಿದ್ದೆ.

ಬಿಳಿ ಮರದ ಸುಳಿವು ಸಿಕ್ಕಿದ್ದು ಮೀನು ಮಾರುಕಟ್ಟೆಯಲ್ಲಿ. ಅತ್ತೆಯ ಮನೆಗೆ ದಿನವೂ ಮೀನು ತರುತ್ತಿದ್ದ ಗಂಗೊಳ್ಳಿಯ ಒಬ್ಬ ಅಕ್ಕ ಇದ್ದಳು. ಬಂಗುಡೆ ಕೊಟ್ಟು ಬಿಳಿ ಮುರುಗಲು ಒಯ್ಯುತ್ತಿದ್ದಳು. ಮರ ಕಡಿಯುವ ಮೊದಲೇ ಮೊಣಕಾಲು ಕೈಕೊಟ್ಟು ಬುಟ್ಟಿ ಸೊಸೆಯ ತಲೆಗೆ ಹೋಗಿತ್ತು, ಸೊಸೆ ನಮ್ಮ ಕಡೆ ಬರುತ್ತಿರಲಿಲ್ಲ. ಒಂದು ದಿನ ಕುಂದಾಪುರದ ಮಾರುಕಟ್ಟೆಯಲ್ಲಿ ಸೊಸೆಯ ಪಕ್ಕ ಕೂತಿದ್ದಳು. ನನ್ನ ಗುರುತು ಹಿಡಿದು ಮೊದಲು ಕೇಳಿದ್ದೇ ಆ ಮರ ಹ್ಯಾಗಿದೆ ಎಂದು. ಎಲ್ಲ ಹೇಳಿದೆ. ಅವಳ ಮುಖ ಕೆಂಪಾಯಿತು. ಭಾವನಿಗೆ ಸರಿಯಾಗಿ ಬೈದಳು, ಅದನ್ನು ಇಲ್ಲಿ ಬರೆಯಲಾರೆ. ಆಮೇಲೆ ಅಂದಳು:

"ಹಣ್ಣ್ ತಿಂದ್ ಬೀಜ ಹಿತ್ಲಿಗ್ ಉಗ್ದಿದ್ದೆ. ಒಂದ್ ಮರ ಆಯ್ತ್. ನಿನ್ ಅತ್ತೆ ಮರದ್ದೇ ಬಣ್ಣ. ಬಂದ್ ಕಾಣ್."

ಮರುದಿನ ಬೆಳಿಗ್ಗೆ ದೋಣಿಯಲ್ಲಿ ಹೊಳೆ ದಾಟಿ ಹೋದೆ. ಅವಳ ಹಿತ್ತಲಿಗೆ ತಾಗಿ ಐಸ್ ಪ್ಲಾಂಟಿನ ಗೋಡೆ. ಅದಕ್ಕೆ ಒರಗಿಕೊಂಡು ಆ ಮರ ನಿಂತಿತ್ತು. ಹಣ್ಣು ಬೆಣ್ಣೆಯ ಬಣ್ಣದ್ದು. ಎಲೆ ಉದುರಿ ಮಾಡಿನಂಚಿನ ಮಳೆನೀರಿನ ದೋಣಿಯಲ್ಲಿ ನೀರು ಕಟ್ಟುತ್ತದೆ ಎಂದು ಪ್ಲಾಂಟಿನವರು ಎರಡು ಸಲ ಆಳು ಕಳಿಸಿದ್ದರಂತೆ. ಕೊಡಲಿ ತಂದವರ ಎದುರು ಈ ಅಕ್ಕ ಮರದ ಬುಡದಲ್ಲಿ ಮೀನಿನ ಬುಟ್ಟಿ ಕವುಚಿ ಹಾಕಿ ಅದರ ಮೇಲೆ ಕೂತಿದ್ದಳಂತೆ.

"ನನ್ನ್ ಏಳ್ಸಿ ಮತ್ ಕಡಿರಿ ಅಂದೆ. ಯಾರೂ ಏಳ್ಸ್ಲಿಲ್ಲ."

ಇಷ್ಟೇ ಹೇಳಿ ನನಗೆ ಚಾ ಮಾಡಲು ಒಳಗೆ ಹೋದಳು. ನಾನು ಮರ ಹಿಡಿದುಕೊಂಡು ಅತ್ತುಬಿಟ್ಟೆ. ಸಂತೋಷಕ್ಕಿಂತ ಹೆಚ್ಚು ಅವಮಾನವಾಯಿತು. ನಮ್ಮ ಮನೆಯಲ್ಲಿ ಆಗ ಹಾಗೆ ಕೂರಬಲ್ಲವರು ಒಬ್ಬರೂ ಇರಲಿಲ್ಲ, ನಾನೂ ಸೇರಿ.

ಆ ಮರದ ಕುಡಿ ತಂದು ಮೊದಲ ವರ್ಷ ಕಟ್ಟಿದ ಕಸಿ ಹೆಚ್ಚಿನವು ಒಣಗಿದವು. ಬದುಕಿದವು ಮೇಲೇಳದೆ ನೆಲದಲ್ಲೇ ಹರಡಿಕೊಂಡವು. ಅಡ್ಡ ಕೊಂಬೆಯ ಕುಡಿ ಅಡ್ಡಕ್ಕೇ ಬೆಳೆಯುತ್ತದೆ, ನೆಟ್ಟಗೆ ಏಳುವ ತುದಿಯ ಕುಡಿಯನ್ನೇ ತರಬೇಕು ಎಂದು ಬ್ರಹ್ಮಾವರದ ಹಿರಿಯರು ಕೈಹಿಡಿದು ಕಲಿಸಿದರು. ಮರುವರ್ಷ ಅಕ್ಕನ ಮೊಮ್ಮಗಳು ಮರ ಹತ್ತಿ ತುದಿ ಕೊಯ್ದು ಕೊಟ್ಟಳು. ಗಿಡಗಳು ಎದ್ದವು. ಕೇಳಿದ ಮನೆಗಳಿಗೆಲ್ಲ ಕೊಟ್ಟೆ. ಭಾವನಿಗೆ ಮಾತ್ರ ಕೊಡಲಿಲ್ಲ. ನನ್ನ ಗಂಡ ನನಗೆ ಹೇಳದೆ ಎರಡು ಗಿಡ ಅಲ್ಲಿಗೂ ಮುಟ್ಟಿಸಿದ್ದರು, ಕುಡಿ ಯಾರ ಮರದ್ದೆಂದೂ ಅಣ್ಣನಿಗೆ ಹೇಳಿದ್ದರು.

ನಾಲ್ಕೈದು ವರ್ಷಕ್ಕೆ ಅವು ಫಲ ಕೊಟ್ಟವು. ಭಾವ ಆ ಹಣ್ಣು ಹಿಡಿದುಕೊಂಡ ವೀಡಿಯೋ ಎಲ್ಲರ ಮೊಬೈಲಿಗೂ ಬಂತು. ನಮ್ಮ ಮನೆತನದ ಅಪರೂಪದ ತಳಿ, ತಾಯಿಯ ನೆನಪಿಗೆ ಉಳಿಸಿಕೊಂಡು ಬಂದೆವು ಎಂದು ಅದರಲ್ಲಿ ಹೇಳುತ್ತಿದ್ದರು. ಊರಿನ ಒಂದು ಸಂಘದವರು ಅವರಿಗೆ ಸನ್ಮಾನ ಇಟ್ಟುಕೊಂಡರು. ನಮಗೂ ಆಮಂತ್ರಣ ಬಂತು. ಗಂಗೊಳ್ಳಿಯ ಅಕ್ಕನಿಗೆ ಬರಲಿಲ್ಲ.

ಸಭೆ ಕೋಟೇಶ್ವರದಲ್ಲಿ. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಭಾವ ಮೈಕಿನ ಮುಂದೆ ನಿಂತು, ಅಬ್ಬಿ, ಅಂದರೆ ತಮ್ಮ ತಾಯಿ, ನೆಟ್ಟ ಮರವನ್ನು ಮಗುವಿನ ಹಾಗೆ ಸಾಕಿದೆ ಎಂದರು. ಆ ಮಾತು ಕೇಳಿದ್ದೇ ನಾನು ಎದ್ದುಬಿಟ್ಟೆ. ಗಂಡ ಸೆರಗು ಹಿಡಿದು ಎಳೆದರು. ಬಿಡಿಸಿಕೊಂಡೆ.

"ಭಾವ, ಆ ಮರ ಕಡ್ಸಿದ್ದ್ ಯಾರ್? ಅದನ್ನೂ ಹೇಳಿ."

ಮುಂದಿನ ಸಾಲಿನವರು ತಿರುಗಿ ನೋಡಿದರು. ಭಾವ ನಗಲು ನೋಡಿದರು, ಆಗಲಿಲ್ಲ. ಮನೆ ವಿಷಯ ಇಲ್ಲಿ ಬೇಡ ಎಂದು ಸಂಘದವರೊಬ್ಬರು ನನ್ನತ್ತ ಕೈ ಬೀಸಿದರು. ವೇದಿಕೆಯ ಮೇಲೆ ಹೊಗಳಿದಾಗ ಮನೆ ವಿಷಯ ಆಗದ್ದು ಈಗ ಹೇಗೆ ಆಯಿತು ಎಂದು ಕೇಳಿದೆ. ಕಾರಿನ ಮಾಡು, ಅತ್ತೆ ಆಯ್ದ ಹಣ್ಣು, ಗಂಗೊಳ್ಳಿಯ ಅಕ್ಕ ಬುಟ್ಟಿಯ ಮೇಲೆ ಕೂತದ್ದು, ಎಲ್ಲ ಹೇಳಿದೆ. ಹಿಂದಿನ ಸಾಲಿನವರೆಗೂ ಕೇಳಿಸಿತು. ಹೇಳಿ ಮುಗಿಸಿ ಹೊರಗೆ ಬಂದು ಬಸ್ಸಿಗೆ ನಿಂತೆ.

ಆ ಮನೆಗೆ ಈಗ ನಾನು ಹೋಗುವುದಿಲ್ಲ. ಮನೆಯ ಮರ್ಯಾದೆ ತೆಗೆದೆ ಎಂದು ಭಾವ ಫೋನಿನಲ್ಲಿ ಹೇಳಿದರು. ನೆಂಟರು ಹಬ್ಬಕ್ಕೆ ಕರೆಯುವಾಗ ನಮ್ಮನ್ನು ಬೆಳಿಗ್ಗೆ, ಅವರನ್ನು ಸಂಜೆ ಕರೆಯುತ್ತಾರೆ. ದೊಡ್ಡವರಲ್ಲವೇ, ತಪ್ಪಾಯಿತು ಎಂದು ಒಂದು ಮಾತು ಹೇಳಿ ಮುಗಿಸು ಎಂದು ಬುದ್ಧಿ ಹೇಳುವವರಿಗೆ ಬರವಿಲ್ಲ. ಕಡಿದದ್ದಕ್ಕೆ ಕ್ಷಮೆ ಕೇಳಿ ಎಂದು ಅವರಲ್ಲಿ ಒಬ್ಬರಾದರೂ ಭಾವನಿಗೆ ಹೇಳಿದ್ದು ನನಗೆ ಗೊತ್ತಿಲ್ಲ.

ಆ ಸಭೆಯ ಸುದ್ದಿ ಹೇಳಲು ಗಂಗೊಳ್ಳಿಗೆ ಹೋದಾಗ ಅಕ್ಕನಿಗೆ ನಗು ಬರುತ್ತದೆ ಎಂದುಕೊಂಡಿದ್ದೆ. ಬರಲಿಲ್ಲ. ನನ್ನನ್ನೂ ಕರೆದಿದ್ದರೆ ಬರುತ್ತಿದ್ದೆ, ಒಳ್ಳೆ ಸೀರೆ ಇದೆ ನನ್ನ ಹತ್ತಿರ ಎಂದಳು. ಶಾಲಿನ ಮಾತು ಬಿಡಿ, ಇವಳನ್ನು ಕರೆಯದ ಅದೊಂದಕ್ಕೇ ಭಾವನನ್ನು ನಾನು ಕ್ಷಮಿಸಲಾರೆ.