ಕೆಮ್ಮಣ್ಣು ತೊಳೆದ ಡಾಕ್ಟರಮ್ಮ

ದಿನವಿಡೀ ಸೋಪು ಹಾಕಿ ತೊಳೆದೂ ತೊಳೆದೂ ಡಾಕ್ಟರಮ್ಮನ ಕೈಗಳು ಬೆಳ್ಳಗೆ ಒಣಗಿ, ಗೆಣ್ಣುಗಳ ಮೇಲೆ ಸಣ್ಣಗೆ ಬಿರಿದಿರುತ್ತಿದ್ದವು. ರೋಗಿಯ ಮೈಬಿಸಿ ನೋಡಲು ಅವರು ಅಂಗೈ ಬಳಸುತ್ತಿರಲಿಲ್ಲ. ಆ ಒರಟು ಹಿಂಗೈಯನ್ನೇ ಚರ್ಮಕ್ಕೆ ತಾಗಿಸಿ, ಕಣ್ಣು ಅರೆಮುಚ್ಚಿ, ಬಿಸಿ ಎಲ್ಲಿ ಶುರುವಾಗಿ ಎಲ್ಲಿ ನಿಲ್ಲುತ್ತದೆಂದು ಹುಡುಕುತ್ತಿದ್ದರು.

ಅವರು ಯಳಂದೂರಿನವರು. ಸರ್ಕಾರಿ ಕೆಲಸದಿಂದ ನಿವೃತ್ತರಾದ ಮೇಲೆ ಹನೂರಿನಲ್ಲಿ ಪುಟ್ಟ ಕ್ಲಿನಿಕ್ ಇಟ್ಟಿದ್ದರು. ಎಲ್ಲ ಕಡೆ ಚಪ್ಪಲಿ ಹೊರಗೆ ಬಿಡಿ ಎಂದು ಬರೆದಿದ್ದರೆ, ಅವರ ಬಾಗಿಲ ಮೇಲೆ "ಚಪ್ಪಲಿ ಹಾಕಿಕೊಂಡೇ ಬನ್ನಿ" ಎಂದಿತ್ತು. ಬರಿಗಾಲಲ್ಲಿ ಬಂದವರಿಗೆ ಔಷಧಿಗಿಂತ ಮೊದಲು ಬೈಗುಳ. ಮದುವೆ ಯಾಕಾಗಲಿಲ್ಲ ಎಂದು ಕೆದಕುವ ಹೆಂಗಸರಿಗೆ, "ನನ್ ಮಾತು ಕೇಳೋ ಗಂಡು ಸಿಕ್ನಿಲ್ಲ ಕಣವ್ವ, ಬುಡು" ಅನ್ನುತ್ತಿದ್ದರು.

ನಾನು ಕೊಳ್ಳೇಗಾಲದಲ್ಲಿ ಬಿ.ಎಡ್. ಓದುತ್ತಿದ್ದಾಗ ನಮ್ಮೂರು ಹೂಗ್ಯಂನಿಂದ ಫೋನು ಬಂತು. ಅವ್ವನಿಗೆ ಮೈ ನಡುಕ, ಮೇಲೆದ್ದು ಕೂರಲೂ ಆಗುತ್ತಿಲ್ಲ. ಊರಿಗೆ ಹೋಗಿ ನೋಡಿದರೆ ಅವ್ವನ ಎಡಗಾಲಿಗೆ ಮೊಣಕಾಲಿಂದ ಪಾದದವರೆಗೆ ಕೆಮ್ಮಣ್ಣು ಬಳಿದಿದ್ದರು. ಮಣ್ಣಿನ ಮೇಲೆ ಬೆರಳಲ್ಲಿ ಗೀಚಿದ ಹಾವು. ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆಗೆ ಹಿರಿಯರೆಂದರೆ ದೊಡ್ಡಪ್ಪ. ಇದು ಸರ್ಪಸುತ್ತು, ಆಸ್ಪತ್ರೆಗೆ ಹೋದರೆ ಕೆರಳುತ್ತದೆ ಎಂದು ಅವರು ತೀರ್ಮಾನಿಸಿಬಿಟ್ಟಿದ್ದರು. ನಾನು ಅವರೊಂದಿಗೆ ಜಗಳವಾಡಿ, ಅವ್ವನನ್ನು ಹನೂರಿಗೆ ಕರೆದೊಯ್ಯಲು ಗೂಡ್ಸ್ ಆಟೋ ಕರೆಸಿದೆ. ಸಿಟ್ಟಿನಲ್ಲೇ ಅವರೂ ಹತ್ತಿ ಕುಳಿತರು.

ಡಾಕ್ಟರಮ್ಮ ಕಾಲು ನೋಡಿದವರೇ ಬಿಸಿನೀರು, ಬಟ್ಟೆ ತರಿಸಿದರು.

"ಅದ ತೊಳೀಬ್ಯಾಡಿ ಕಣ್ರಿ, ಸರ್ಪ ಮುನಿಸ್ಕತದೆ," ದೊಡ್ಡಪ್ಪ ಅಡ್ಡ ಬಂದರು.

"ಮಣ್ಣಿನ್ ಕೆಂಪು ಯಾವ್ದು, ರೋಗದ್ ಕೆಂಪು ಯಾವ್ದು ಅಂತ ನಂಗೆ ಕಾಣ್ಬೇಕಲ್ಲಪ್ಪ? ಮುನಿಸ್ಕಳಾದಿದ್ರೆ ನನ್ ಮ್ಯಾಲೆ ಮುನಿಸ್ಕಳ್ಳಿ."

ಮಣ್ಣು ಕರಗಿ ಹರಿದಂತೆ ಒಳಗಿನ ಕಾಲು ಕಂಡಿತು. ಬಿಗಿದು ಹೊಳೆಯುವ ಕೆಂಪು, ನಕ್ಷೆಯ ಗಡಿಯಂತೆ ಎದ್ದು ಕಾಣುವ ಅಂಚು. ಡಾಕ್ಟರಮ್ಮ ಹಿಂಗೈ ತಾಗಿಸಿದರು. ತೊಡೆಸಂದಿಯ ಗಂಟು ಒತ್ತಿ ನೋಡಿದರು. ಆಮೇಲೆ ಪಾದದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ಕಿರುಬೆರಳ ಸಂದಿಯಲ್ಲಿ ಕೆಸರುಹುಣ್ಣಾಗಿ ಚರ್ಮ ಬೆಳ್ಳಗೆ ಕೊಳೆತು ಬಿರಿದಿತ್ತು.

"ನೋಡಮ್ಮಿ, ರೋಗದ್ ಬಾಗ್ಲು ಇಲ್ಲಿ ಅದೆ," ಎಂದು ನನ್ನನ್ನು ಹತ್ತಿರ ಕರೆದರು. "ಸರ್ಪಸುತ್ತು ಆಗಿದ್ರೆ ನೀರುಗುಳ್ಳೆ ಗೊಂಚ್ಲು ಗೊಂಚ್ಲಾಗಿ ಏಳ್ತಿತ್ತು. ಇದು ಬ್ಯಾಕ್ಟೀರಿಯಾ. ಬೆರಳ್ ಸಂದಿಲಿ ಒಳಕ್ ನುಗ್ಗಿ ಚರ್ಮದಾಗೇ ಅಬ್ಬುತ್ತೆ. ಎರಿಸಿಪೆಲಾಸ್ ಅಂತೀವಿ. ಬುಟ್ರೆ ರಕ್ತಕ್ ಸೇರ್ತದೆ."

ಹಿಂದೆ ಯಾವ ಇಂಜೆಕ್ಷನ್ನಾದರೂ ಒಗ್ಗದೆ ಹೋಗಿತ್ತೇ ಎಂದು ವಿಚಾರಿಸಿ ಪೆನಿಸಿಲಿನ್ ಶುರು ಮಾಡಿದರು. ದಿಂಬಿನ ಮೇಲೆ ಕಾಲು ಎತ್ತಿ ಇರಿಸಿ, ಕೆಂಪಿನ ಅಂಚಿನುದ್ದಕ್ಕೂ ಪೆನ್ನಿನಲ್ಲಿ ಗೆರೆ ಎಳೆದರು.

ಆ ರಾತ್ರಿ ಅವ್ವನನ್ನು ಕ್ಲಿನಿಕ್ಕಿನಲ್ಲೇ ಉಳಿಸಿಕೊಂಡರು. ಮರುದಿನ ಬೆಳಿಗ್ಗೆ ಕೆಂಪು ಆ ಗೆರೆಯನ್ನು ದಾಟಿತ್ತು. ದೊಡ್ಡಪ್ಪ ಅದನ್ನೇ ಕಾಯುತ್ತಿದ್ದಂತೆ ಎದ್ದು ನಿಂತರು. "ಕೆರಳ್ತದೆ ಅಂತ ನಾ ಮೊದ್ಲೇ ಏಳ್ನಿಲ್ವಾ? ನಡೀರಿ ಊರ್ಗೆ."

ಡಾಕ್ಟರಮ್ಮ ಬಾಗಿಲಿಗೆ ಅಡ್ಡ ನಿಂತರು. ಅವರು ನನ್ನ ಭುಜದೆತ್ತರಕ್ಕಿದ್ದ ಹೆಂಗಸು.

"ಚರ್ಮ ತಡವಾಗಿ ಮಾತು ಕೇಳ್ತದೆ. ಜ್ವರ ಇಳ್ದದೆ, ನಡುಕ ನಿಂತದೆ, ಅದ ನೋಡು. ನಂಗೂ ಭಯ ಇಲ್ಲ ಅಂತ ತಿಳ್ಕಬ್ಯಾಡ. ನಾಳಿಕ್ಕೂ ಇಂಗೇ ಅಬ್ಬುದ್ರೆ ನಾನೇ ಮೈಸೂರ್ಗೆ ಕರ್ಕಂಡ್ ಓಯ್ತೀನಿ. ಅಲ್ಲೀಗಂಟ ಇವ್ಳು ಈ ಮಂಚ ಬುಟ್ಟು ಏಳಂಗಿಲ್ಲ."

ದೊಡ್ಡಪ್ಪ ಬೈದುಕೊಂಡು ಹೊರಗೆ ಹೋಗಿ ಬೀಡಿ ಹಚ್ಚಿದರು. ಮೈಸೂರಿಗೆ ಹೋಗಬೇಕಾಗಲಿಲ್ಲ. ಕೆಂಪು ನಿಂತಿತು, ಮಾಸಿತು. ಕಾಲಿನ ಚರ್ಮ ಸಿಪ್ಪೆಯಂತೆ ಸುಲಿದು ಉದುರಿತು. ಮನೆಗೆ ಕಳಿಸುವಾಗ ಡಾಕ್ಟರಮ್ಮ, ಬೆರಳ ಸಂದಿ ಸದಾ ಒಣಗಿರಲಿ, ಮುಲಾಮು ತಪ್ಪಿಸಬೇಡ, ಬರಿಗಾಲಲ್ಲಿ ಓಡಾಡಬೇಡ, ಇದು ಒಮ್ಮೆ ಬಂದರೆ ಮತ್ತೆ ಮತ್ತೆ ಬರುವ ಕಾಯಿಲೆ ಎಂದರು.

ಅವ್ವ ತಲೆತಗ್ಗಿಸಿದಳು. "ಬೆಟ್ಟಕ್ಕೆ ನಡ್ಕಂಡ್ ಬತ್ತೀನಿ ಅಂತ ಮಾದಪ್ಪನ್ಗೆ ಅರಕೆ ಒತ್ತಿವ್ನಿ ಕಣವ್ವ."

"ಓಗು, ಬ್ಯಾಡ ಅಂದೋರ್ ಯಾರು? ಮೆಟ್ಟು ಮೆಟ್ಕಂಡು ಓಗು. ಮಾದಪ್ಪನ್ಗೆ ನಿನ್ ಭಕ್ತಿ ಬೇಕು, ಕೀವಲ್ಲ. ಯಾರಾರ ಕೇಳುದ್ರೆ ನನ್ ಎಸ್ರು ಏಳು."

ಹಾಗೇ ಆಯಿತು. ಮುಂದಿನ ವರ್ಷ ಬರಿಗಾಲ ಗುಂಪಿನ ನಡುವೆ ಅವ್ವ ಕಾಲುಚೀಲ, ರಬ್ಬರ್ ಚಪ್ಪಲಿ ಹಾಕಿಕೊಂಡು ಬೆಟ್ಟಕ್ಕೆ ನಡೆದಳು. ದಾರಿಯುದ್ದಕ್ಕೂ ನಕ್ಕರು, ಛೀ ಅಂದರು. ಅವ್ವ ಯಾರ ಹೆಸರನ್ನೂ ಹೇಳಲಿಲ್ಲ. "ಕಾಲು ನಂದು, ಅರಕೇನೂ ನಂದು" ಎಂದು ಮುಂದೆ ನಡೆದಳು. ಆ ಕಾಯಿಲೆ ಅವ್ವನ ಹತ್ತಿರ ಮತ್ತೆ ಸುಳಿಯಲಿಲ್ಲ.

ಡಾಕ್ಟರಮ್ಮ ಹೋದ ಮಳೆಗಾಲದಲ್ಲಿ ತೀರಿಕೊಂಡರು. ಹೃದಯದ ತೊಂದರೆ ಇತ್ತಂತೆ, ಯಾರಿಗೂ ಹೇಳಿರಲಿಲ್ಲ. ಮಣ್ಣು ಮಾಡಲು ಯಳಂದೂರಿಗೆ ಕೊಂಡೊಯ್ದರು. ನಾನೂ ಅವ್ವನೂ ಹೋದೆವು. ಮನೆಯ ಮುಂದೆ ನಮ್ಮ ಕಡೆಯ ಹೆಂಗಸರೇ ತುಂಬಿದ್ದರು. ಹೆಣ ಎತ್ತಿದಾಗ ಡಾಕ್ಟರಮ್ಮನ ನೆಂಟರಲ್ಲಿ ಒಬ್ಬ ಹಿರಿಯರು ಕೈ ಅಡ್ಡ ಹಿಡಿದರು.

"ಎಂಗಸ್ರು ಇಲ್ಲೇ ನಿಂತ್ಕಳಿ. ಮಸಾಣಕ್ಕೆ ಬರಂಗಿಲ್ಲ."

ಎಲ್ಲರೂ ನಿಂತರು. ಅವ್ವ ಮಾತ್ರ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಈ ಕಾಲು ಉಳ್ದಿರಾದೇ ಆವಮ್ಮನಿಂದ ಕಣಪ್ಪ. ಕಳ್ಸಕೆ ಇದ್ರಾಗೇ ನಡ್ಕಂಡ್ ಓಯ್ತೀನಿ. ತಡೆಯಂಗಿದ್ರೆ ತಡಿ."

ಆತ ತಡೆಯಲಿಲ್ಲ. ಅವ್ವನ ಹಿಂದೆ ನಾನು ನಡೆದೆ. ತಿರುವಿನಲ್ಲಿ ಹಿಂತಿರುಗಿ ನೋಡಿದರೆ, ಮನೆಯ ಮುಂದೆ ಒಬ್ಬ ಹೆಂಗಸೂ ಉಳಿದಿರಲಿಲ್ಲ.